ಈ ಹೊಲದ ಹೆಸರೇನು? ಇಂಗ್ಲೆಂಡಿನ ಹೊಲಗಳ ಹಳೆಯ ಹೆಸರು ಹುಡುಕಿ ಓದುವ ಬಗೆ

ಅಪ್ಪ ಮೊದಲ ಸಲ ಇಂಗ್ಲೆಂಡಿಗೆ ಬಂದದ್ದು ಒಂದು ಜೂನ್ ತಿಂಗಳಲ್ಲಿ. ನಾವಿರುವುದು ಚೆಷೈರ್ ಕೌಂಟಿಯ ಒಂದು ಸಣ್ಣ ಹಳ್ಳಿ. ಮ್ಯಾಂಚೆಸ್ಟರ್‌ಗೆ ದಕ್ಷಿಣಕ್ಕಿರುವ ಹುಲ್ಲು, ಹಸು, ಹಾಲಿನ ಸೀಮೆ. ಬಂದ ಮಾರನೇ ದಿನ ಸಂಜೆ ಮನೆ ಹಿಂದಿನ ಕಾಲುದಾರಿಯಲ್ಲಿ ಅವರನ್ನು ಕರೆದುಕೊಂಡು ಹೋದೆ. ಎರಡು ಬೇಲಿ ದಾಟುವಷ್ಟರಲ್ಲಿ ಅಪ್ಪ ನಿಂತರು. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿ ನೋಡಿದರು. "ಈ ಹೊಲದ ಹೆಸರೇನಮ್ಮ?" ಅಂದರು.

ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದಿಂದ ಆ ಹೊಲ ದಾಟಿಕೊಂಡೇ ಬಸ್ಸಿಗೆ ಹೋಗುತ್ತಿದ್ದೆ. "ಇಲ್ಲಿ ಹೊಲಕ್ಕೆಲ್ಲ ಹೆಸರು ಇಡಲ್ಲ ಅಪ್ಪ" ಅಂದೆ. ಅಪ್ಪ ಒಪ್ಪಲಿಲ್ಲ. "ಉಳೋರು ಇದಾರೆ ಅಂದ್ಮೇಲೆ ಹೆಸರು ಇದ್ದೇ ಇರುತ್ತೆ. ಹೆಸರಿಲ್ದೆ ಆಳಿಗೆ ಯಾವ ಹೊಲಕ್ಕೆ ಹೋಗು ಅಂತ ಹೇಳ್ತಾರೆ?"

ಅರಸೀಕೆರೆ ಕಡೆ ನಮ್ಮದು ನಾಲ್ಕು ತುಂಡು ಭೂಮಿ. ಹುಣಸೆಮರದ ಹೊಲ, ಕಟ್ಟೆ ಕೆಳಗಿನ ಹೊಲ, ಕಲ್ಲುಗುಂಡಿ, ದೊಡ್ಡಹೊಲ. ಪಹಣಿಯಲ್ಲಿ ಬರೀ ಸರ್ವೆ ನಂಬರ್ ಇದೆ. ಹೆಸರು ಇರುವುದು ಬಾಯಲ್ಲಿ. ಇಲ್ಲಿಯೂ ಹಾಗೇ ಇರಬೇಕು ಅನ್ನಿಸಿತು. ಹುಡುಕಲು ಶುರು ಮಾಡಿ ಈಗ ಆರು ವರ್ಷ. ನಮ್ಮ ಹಳ್ಳಿಯ ಹೆಚ್ಚುಕಡಿಮೆ ಎಲ್ಲ ಹೊಲಗಳ ಹೆಸರೂ ನನ್ನ ನೋಟ್‌ಬುಕ್ಕಿನಲ್ಲಿವೆ. ಅಪ್ಪ ಹೇಳಿದ್ದೇ ಸರಿ. ಒಂದು ತುಂಡು ಕೂಡ ಹೆಸರಿಲ್ಲದೆ ಇರಲಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡದವರು ಬೇಕಾದಷ್ಟು ಜನ ಇದ್ದೀರಿ. ನಿಮ್ಮ ಮನೆ ಪಕ್ಕದ ಹೊಲದ ಹೆಸರನ್ನು ನೀವೂ ಹುಡುಕಬಹುದು. ಖರ್ಚು ಹೆಚ್ಚಿಲ್ಲ. ತಾಳ್ಮೆ ಬೇಕು, ಒಂದು ಜೊತೆ ಗಟ್ಟಿ ಬೂಟು ಬೇಕು.

ಮೊದಲು ಹೊಲವನ್ನು ಗುರುತು ಮಾಡಿಕೊಳ್ಳಿ

ಆರ್ಡ್‌ನೆನ್ಸ್ ಸರ್ವೆ ಅಂದರೆ ಇಲ್ಲಿನ ಸರ್ಕಾರದ ನಕ್ಷೆ ಸಂಸ್ಥೆ. ಅವರ ಎಕ್ಸ್‌ಪ್ಲೋರರ್ ನಕ್ಷೆ ತೆಗೆದುಕೊಳ್ಳಿ. 1:25,000 ಅಳತೆಯದು. ಅದರಲ್ಲಿ ಪ್ರತಿ ಹೊಲದ ಬೇಲಿಯೂ ತೆಳ್ಳಗಿನ ಗೆರೆಯಾಗಿ ಕಾಣುತ್ತದೆ. ಆದರೆ ಹೆಸರು ಇರುವುದಿಲ್ಲ. ಸರ್ಕಾರದ ನಕ್ಷೆಗಳು ಬೆಟ್ಟಕ್ಕೆ, ಕಾಡಿಗೆ, ತೋಟದ ಮನೆಗೆ ಹೆಸರು ಬರೆದವು, ಹೊಲಕ್ಕೆ ಸಾಮಾನ್ಯವಾಗಿ ಬರೆಯಲಿಲ್ಲ. ಇವತ್ತು ಸಬ್ಸಿಡಿ ಕಾಗದಗಳಲ್ಲೂ ಹೊಲ ಅಂದರೆ ನಕ್ಷೆಯ ಹಾಳೆಯ ಗುರುತು, ಅದರ ಮುಂದೆ ನಾಲ್ಕು ಅಂಕಿ, ಅಷ್ಟೇ.

ನಿಮ್ಮ ಹೊಲದ ಆಕಾರವನ್ನು ಒಂದು ಹಾಳೆಯ ಮೇಲೆ ಬಿಡಿಸಿಕೊಳ್ಳಿ. ಮೂಲೆಯಲ್ಲಿ ಕೊಳ ಇದೆಯಾ, ಬೇಲಿ ಎಲ್ಲಿ ಸೊಟ್ಟಗಾಗುತ್ತದೆ, ಹಳ್ಳ ಯಾವ ಕಡೆ, ಎಲ್ಲ ಗುರುತು ಹಾಕಿ. ಆಮೇಲೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿಗೆ ಹೋಗಿ. ಹೆಸರು ಸ್ಕಾಟ್ಲೆಂಡಿನದಾದರೂ ಇಂಗ್ಲೆಂಡಿನ ಹಳೆಯ ಆರ್ಡ್‌ನೆನ್ಸ್ ನಕ್ಷೆಗಳನ್ನೂ ಅಲ್ಲಿ ಪುಕ್ಕಟೆ ನೋಡಬಹುದು. ಹಳೆಯ ನಕ್ಷೆ ಒಂದು ಕಡೆ, ಇವತ್ತಿನ ಉಪಗ್ರಹ ಚಿತ್ರ ಇನ್ನೊಂದು ಕಡೆ ಇಟ್ಟು ಹೋಲಿಸಿ. ಎರಡನೇ ಮಹಾಯುದ್ಧದ ಮೇಲೆ ದೊಡ್ಡ ಯಂತ್ರಗಳಿಗಾಗಿ ಎಷ್ಟೋ ಬೇಲಿ ಕಿತ್ತರು. ನಿಮ್ಮ ಈಗಿನ ಒಂದು ಹೊಲ ಹಿಂದೆ ಮೂರು ಹೊಲವಾಗಿದ್ದಿರಬಹುದು. ಹಾಗಿದ್ದರೆ ಹುಡುಕಬೇಕಾದದ್ದೂ ಮೂರು ಹೆಸರು.

ಹತ್ತನೇ ಪಾಲು ಉಳಿಸಿಹೋದ ಕಾಗದ

ಹೆಸರುಗಳ ದೊಡ್ಡ ಕಣಜ ಅಂದರೆ ಟೈದ್ ನಕ್ಷೆ. ಟೈದ್ ಅಂದರೆ ಹತ್ತನೇ ಪಾಲು. ಬೆಳೆದ ಹತ್ತು ಹೊರೆಯಲ್ಲಿ ಒಂದು ಹೊರೆ, ಹುಟ್ಟಿದ ಹತ್ತು ಕುರಿಮರಿಯಲ್ಲಿ ಒಂದು ಮರಿ ಚರ್ಚಿಗೆ ಹೋಗಬೇಕಿತ್ತು. ಶತಮಾನಗಳ ಕಾಲ ರೈತರು ಇದಕ್ಕೆ ಗೊಣಗುತ್ತಲೇ ಕೊಟ್ಟರು. 1836ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಇನ್ನು ಮೇಲೆ ಕಾಳು ಬೇಡ, ಮರಿ ಬೇಡ, ಹಣ ಕೊಡಿ ಅಂತ. ಗೋಧಿ, ಬಾರ್ಲಿ, ಓಟ್ಸ್ ಈ ಮೂರರ ಏಳು ವರ್ಷದ ಸರಾಸರಿ ಬೆಲೆ ನೋಡಿ ಹಣ ಕಟ್ಟುವ ಲೆಕ್ಕ.

ಯಾವ ತುಂಡಿಗೆ ಎಷ್ಟು ಅಂತ ಹೇಳಲು ಪ್ರತಿ ತುಂಡನ್ನೂ ಅಳೆಯಬೇಕಾಯಿತು. ಹಾಗೆ ಬಹುಪಾಲು 1836ರಿಂದ 1850ರ ಆಸುಪಾಸಿನವರೆಗೆ ಊರೂರಿಗೆ ದೊಡ್ಡ ನಕ್ಷೆ ತಯಾರಾಯಿತು. ಜೊತೆಗೆ ಒಂದು ಪಟ್ಟಿ. ಪಟ್ಟಿಗೆ ಅಪೋರ್ಷನ್‌ಮೆಂಟ್ ಅಂತ ಹೆಸರು. ಒಡೆಯ ಯಾರು, ಗೇಣಿಗೆ ಮಾಡುವವರು ಯಾರು, ನಕ್ಷೆಯಲ್ಲಿ ಯಾವ ನಂಬರ್, ಹೊಲದ ಹೆಸರೇನು, ಉತ್ತ ಹೊಲವೋ ಹುಲ್ಲುಗಾವಲೋ, ವಿಸ್ತೀರ್ಣ ಎಷ್ಟು, ಕಟ್ಟಬೇಕಾದ ಹಣ ಎಷ್ಟು. ಹೊಲದ ಹೆಸರಿಗೆ ಅಂತಲೇ ಒಂದು ಅಂಕಣ! ಆ ಪಟ್ಟಿ ಮೊದಲ ಸಲ ಕಂಡ ದಿನ ನಾನು ಊಟ ಮರೆತೆ.

ಪ್ರತಿ ನಕ್ಷೆಗೂ ಮೂರು ಪ್ರತಿ ಮಾಡಿದ್ದರು. ಒಂದು ಟೈದ್ ಕಮಿಷನರ್‌ಗಳಿಗೆ, ಒಂದು ಬಿಷಪ್ಪರ ಕಚೇರಿಗೆ, ಒಂದು ಊರಿಗೆ. ಕಮಿಷನರ್‌ಗಳ ಪ್ರತಿ ಈಗ ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಉಳಿದ ಎರಡರಲ್ಲಿ ಒಂದಾದರೂ ಸಾಮಾನ್ಯವಾಗಿ ನಿಮ್ಮ ಕೌಂಟಿಯ ಹಳೆಯ ದಾಖಲೆ ಇಡುವ ರೆಕಾರ್ಡ್ ಆಫೀಸಿನಲ್ಲಿ ಸಿಗುತ್ತದೆ. ಚೆಷೈರ್‌ನವರಿಗೆ ಮನೆಯಲ್ಲೇ ಕೂತು ನೋಡುವ ಭಾಗ್ಯ. ಇಲ್ಲಿನ ಆರ್ಕೈವ್ಸ್‌ನವರು ಎಲ್ಲವನ್ನೂ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕಿದ್ದಾರೆ. ಬೇರೆ ಕೌಂಟಿಯಾದರೆ ಮೊದಲು ಅಲ್ಲಿಯ ರೆಕಾರ್ಡ್ ಆಫೀಸಿಗೆ ಒಂದು ಇಮೇಲ್ ಹಾಕಿ ಕೇಳಿ. ಅಲ್ಲಿ ಕೆಲಸ ಮಾಡುವವರಿಗೆ ಇಂಥ ಪ್ರಶ್ನೆ ಅಂದರೆ ಇಷ್ಟ.

ಎರಡು ಕಡೆ ಎಡವುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಒಂದು, ಉತ್ತರದ ಕಡೆ ನಕ್ಷೆ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಸೀಮೆ) ಹೆಸರಲ್ಲಿ ಇರದೆ ಟೌನ್‌ಶಿಪ್ ಹೆಸರಲ್ಲಿ ಇರುತ್ತದೆ. ಒಂದು ಪ್ಯಾರಿಷ್‌ನೊಳಗೆ ಎಷ್ಟೋ ಟೌನ್‌ಶಿಪ್. ಎರಡೂ ಹೆಸರು ಹಾಕಿ ಹುಡುಕಿ. ಎರಡು, ಪಟ್ಟಿ ನಂಬರಿನ ಕ್ರಮದಲ್ಲಿ ಇರುವುದಿಲ್ಲ. ಒಡೆಯರ ಹೆಸರಿನ ಕ್ರಮದಲ್ಲಿರುತ್ತದೆ. ನಕ್ಷೆಯಲ್ಲಿ 214 ಅಂತ ಇದ್ದರೆ ಪಟ್ಟಿಯಲ್ಲಿ 213ರ ಕೆಳಗೆ ಹುಡುಕಬೇಡಿ. ನಂಬರಿನ ಅಂಕಣದ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿಯಬೇಕು. ಮೊದಲ ವಾರ ನಾನು ಇದು ತಿಳಿಯದೆ ಪಟ್ಟಿಯ ಹಾಳೆಗಳೇ ಕಳೆದಿವೆ ಅಂದುಕೊಂಡಿದ್ದೆ.

ವಿಸ್ತೀರ್ಣ ಮೂರು ಅಂಕಿಯಲ್ಲಿ ಬರೆದಿರುತ್ತಾರೆ: ಎಕರೆ, ರೂಡ್, ಪರ್ಚ್. ಕನ್ನಡದವರಿಗೆ ಇದು ಇಂಗ್ಲಿಷರಿಗಿಂತ ಸಲೀಸು. ಒಂದು ಎಕರೆಗೆ 4 ರೂಡ್, ಒಂದು ರೂಡಿಗೆ 40 ಪರ್ಚ್. ಒಂದು ಪರ್ಚ್ ಅಂದರೆ ಹದಿನಾರೂವರೆ ಅಡಿ ಚೌಕ. ನಮ್ಮ ಗುಂಟೆ 33 ಅಡಿ ಚೌಕ. ಅಂದರೆ ಸರಿಯಾಗಿ 4 ಪರ್ಚ್‌ಗೆ ಒಂದು ಗುಂಟೆ, ಒಂದು ರೂಡಿಗೆ 10 ಗುಂಟೆ! 66 ಅಡಿಯ ಸರ್ವೆ ಸರಪಳಿಯ ಕಾಲು ಭಾಗ ಪರ್ಚಿನ ಬದಿ, ಅರ್ಧ ಭಾಗ ಗುಂಟೆಯ ಬದಿ. ಪಟ್ಟಿಯಲ್ಲಿ 5-1-12 ಅಂತಿದ್ದರೆ 5 ಎಕರೆ 13 ಗುಂಟೆ ಅಂತ ಓದಿಕೊಳ್ಳಿ. ಇದನ್ನು ಹೇಳಿದಾಗ ಅಪ್ಪನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅವತ್ತಿನಿಂದ ಚೆಷೈರ್‌ನ ಹೊಲಗಳನ್ನೆಲ್ಲ ಗುಂಟೆಯಲ್ಲೇ ಅಳೆಯತೊಡಗಿದರು.

ಕೆಲವು ಕಡೆ ಟೈದ್ ನಕ್ಷೆಯೇ ಇರುವುದಿಲ್ಲ. ನಾರ್ತಾಂಪ್ಟನ್‌ಷೈರ್, ಲೆಸ್ಟರ್‌ಷೈರ್ ಕಡೆ ಇದು ಜಾಸ್ತಿ. ಅಲ್ಲಿ ಎನ್‌ಕ್ಲೋಷರ್, ಅಂದರೆ ಬಯಲು ಹೊಲವನ್ನು ಹಂಚಿ ಬೇಲಿ ಹಾಕುವ ಕೆಲಸ, ಆದಾಗಲೇ ಚರ್ಚಿಗೆ ಹತ್ತನೇ ಪಾಲಿನ ಬದಲು ಭೂಮಿ ಕೊಟ್ಟು ಕೈತೊಳೆದುಕೊಂಡಿದ್ದರು. ಅಂಥ ಊರಲ್ಲಿ ಎನ್‌ಕ್ಲೋಷರ್ ಅವಾರ್ಡ್ (ಆ ಹಂಚಿಕೆಯ ದಾಖಲೆ), ಜಮೀನ್ದಾರರ ಎಸ್ಟೇಟ್ ನಕ್ಷೆ, ಚರ್ಚಿನ ಜಮೀನು ಪಟ್ಟಿ, ತೋಟ ಮಾರಾಟದ ಹಳೆಯ ಕರಪತ್ರ ಇವನ್ನು ಕೇಳಿ.

ಬೇಲಿ ಬಂದ ಕಥೆ

ಎನ್‌ಕ್ಲೋಷರ್ ಏನು ಅಂತ ತಿಳಿಯದೆ ಹೆಸರು ಅರ್ಥವಾಗುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಇವತ್ತು ನಾವು ನೋಡುವ ಬೇಲಿ ಕಟ್ಟಿದ ಚೌಕ ಚೌಕ ಹೊಲಗಳು ಇಂಗ್ಲೆಂಡಿನ ಎಷ್ಟೋ ಕಡೆ ಹಳೆಯವಲ್ಲ. ಮೊದಲು ಊರಿಗೆ ಎರಡೋ ಮೂರೋ ಬಯಲು ಹೊಲ. ಒಂದೊಂದೂ ನೂರಾರು ಎಕರೆ. ಅದರೊಳಗೆ ನೆಲದ ಉದ್ದುದ್ದ ಪಟ್ಟಿಗಳು. ಒಬ್ಬ ರೈತನಿಗೆ ಇಲ್ಲೊಂದು ಪಟ್ಟಿ, ಅಲ್ಲೊಂದು ಪಟ್ಟಿ. ಮಧ್ಯೆ ಬೇಲಿ ಇಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಫೆಲ್ಡ್ ಅಂದರೆ ಮರವಿಲ್ಲದ ಬಯಲು. ಆ ಪದವೇ ಇವತ್ತಿನ ಫೀಲ್ಡ್. ಬೇಲಿ ಹಾಕಿದ್ದಕ್ಕೆ ಕ್ಲೋಸ್, ಕ್ರಾಫ್ಟ್, ನಮ್ಮ ಚೆಷೈರ್ ಕಡೆ ಹೇ. ಪಟ್ಟಿಗಳ ಒಂದು ಕಟ್ಟಿಗೆ ಫರ್ಲಾಂಗ್. ಫರೋ ಲಾಂಗ್, ಅಂದರೆ ಒಂದು ನೇಗಿಲ ಸಾಲಿನ ಉದ್ದ, 220 ಗಜ. ಎತ್ತಿನ ಸಾಲು ನಿಲ್ಲದೆ ಎಳೆದುಕೊಂಡು ಹೋಗುವ ದೂರ. ನಮ್ಮ ಅಜ್ಜಿ "ಪೇಟೆ ಎರಡು ಫರ್ಲಾಂಗು" ಅನ್ನುತ್ತಿದ್ದಾಗ ಆ ಪದದ ಒಳಗೆ ನೇಗಿಲು ಇತ್ತು.

1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಎನ್‌ಕ್ಲೋಷರ್ ಕಾಯ್ದೆಗಳನ್ನು ಮಾಡಿತು. ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಹಾಗೆ ಬೇಲಿಯೊಳಗೆ ಹೋಯಿತು. ನಮ್ಮ ಗೋಮಾಳದಂಥ ಸಾಮೂಹಿಕ ನೆಲ ಹೋಯಿತು, ಬಡವರ ಹಸು ಮೇಯುವ ಜಾಗ ಹೋಯಿತು. ಹೆಲ್ಪ್‌ಸ್ಟನ್ ಎಂಬ ಊರಿನ ಕೂಲಿಕಾರರ ಮಗ, ಕವಿ ಜಾನ್ ಕ್ಲೇರ್ ಇದನ್ನು ಕಣ್ಣಾರೆ ಕಂಡವನು. ಅವನ ಊರಿನ ಕಾಯ್ದೆ ಬಂದದ್ದು 1809ರಲ್ಲಿ. ಆ ಊರಿನ ಸ್ವೋರ್ಡಿ ವೆಲ್ ಎಂಬ ಜಾಗವೇ ಬಾಯಿಬಿಟ್ಟು ತನ್ನ ಗೋಳು ಹೇಳುವ ಹಾಗೆ ಅವನು ಒಂದು ಕವಿತೆ ಬರೆದ. ಆ ಜಾಗ ಈಗಲೂ ಇದೆ, ಸ್ವಾಡಿವೆಲ್ ಅಂತ. ಹೆಸರು ಸವೆದರೂ ಗುರುತು ಸಿಗುತ್ತದೆ.

ಹಳೆಯ ಬಯಲು ಹೊಲ ಹೇಗಿತ್ತು ಅಂತ ನೋಡಬೇಕಾದರೆ ನಾಟಿಂಗ್‌ಹ್ಯಾಮ್‌ಷೈರ್‌ನ ಲ್ಯಾಕ್ಸ್‌ಟನ್‌ಗೆ ಹೋಗಿ. ಅಲ್ಲಿ ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಅಂತ ಮೂರು ಬಯಲು ಹೊಲ ಇನ್ನೂ ಬೇಸಾಯದಲ್ಲಿವೆ. 1635ರಲ್ಲಿ ಬರೆದ ಆ ಊರಿನ ನಕ್ಷೆ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಪ್ರತಿ ನವೆಂಬರ್ ಕೊನೆಗೆ ಊರಿನ ರೈತರ ಜ್ಯೂರಿ ಹೊಲಕ್ಕೆ ಹೋಗಿ ಗಡಿ ಗೂಟ ಹೊಡೆಯುತ್ತದೆ. ಯಾರಾದರೂ ಒತ್ತುವರಿ ಮಾಡಿ ಉತ್ತಿದ್ದರೆ ದಂಡ ಹಾಕುತ್ತದೆ. ಬದು ಒತ್ತುವವರು ಎಲ್ಲ ದೇಶದಲ್ಲೂ ಇದ್ದಾರೆ, ಅಲ್ವಾ?

ಹೆಸರನ್ನು ಬಿಡಿಸುವುದು

ಹೆಸರು ಸಿಕ್ಕ ಮೇಲೆ ಹಿಂದಿನಿಂದ ಓದಿ. ಕೊನೆಯ ಪದ ಅದು ಎಂಥ ನೆಲ ಅಂತ ಹೇಳುತ್ತದೆ. ಮೊದಲಿನ ಪದ ಯಾವುದು ಅಂತ ಹೇಳುತ್ತದೆ. ಹುಣಸೆಮರದ ಹೊಲ ಇದ್ದ ಹಾಗೇ.

ಕೊನೆಯ ಪದ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಸಣ್ಣ ತುಂಡಿಗೆ ಪೂರ್ವದ ಕಡೆ ಪೈಟಲ್, ನಡುನಾಡಲ್ಲಿ ಪಿಂಗಲ್, ನಮ್ಮ ಕಡೆ ಪಿಂಗಾಟ್. ಶ್ರಾಪ್‌ಷೈರ್‌ನಲ್ಲಿ ಹುಲ್ಲುಗಾವಲಿಗೆ ಲೆಸೋ. ಯಾರ್ಕ್‌ಷೈರ್, ಲಿಂಕನ್‌ಷೈರ್ ಕಡೆ ಹೊಳೆಯಂಚಿನ ಹುಲ್ಲಿಗೆ ಇಂಗ್ಸ್, ಜೌಗಿಗೆ ಕಾರ್, ಹಿತ್ತಿಲಿಗೆ ಗಾರ್ತ್. ಇವು ವೈಕಿಂಗರ ಜೊತೆ ಬಂದ ಪದಗಳು. ಯಾವ ಹೊಲಕ್ಕೆ ಯಾವ ಪದ ಅಂತ ನೋಡುತ್ತ ಹೋದರೆ, ಸಾವಿರ ವರ್ಷದ ಹಿಂದೆ ಡೇನರು ಎಲ್ಲಿ ನೆಲೆಸಿದ್ದರು ಅನ್ನುವುದೇ ಗೊತ್ತಾಗುತ್ತದೆ. ಮ್ಯಾಂಚೆಸ್ಟರ್‌ನಲ್ಲಿರುವವರು ವಾರಾಂತ್ಯಕ್ಕೆ ಚೋರ್ಲ್‌ಟನ್ ಈಸ್‌ಗೆ ನಡೆಯಲು ಹೋಗುತ್ತೀರಲ್ಲ, ಆ ಈಸ್ ಕೂಡ ಇಂಥದ್ದೇ ಹಳೆಯ ಪದ. ಮರ್ಸಿ ಹೊಳೆ ಉಕ್ಕಿದಾಗ ನೀರು ಸುತ್ತುವರಿಯುವ ಹುಲ್ಲುನೆಲ ಅಂತ ಅರ್ಥ.

ಮೊದಲ ಪದದಲ್ಲಿ ಊರಿನ ಬದುಕೆಲ್ಲ ಇದೆ. ಟೆಂಟರ್ ಕ್ಲೋಸ್ ಅಂದರೆ ನೆಯ್ದ ಉಣ್ಣೆ ಬಟ್ಟೆಯನ್ನು ಕೊಕ್ಕೆಗೆ ಎಳೆದು ಒಣಗಿಸುತ್ತಿದ್ದ ಜಾಗ. ಹೆಂಪ್ ಯಾರ್ಡ್‌ನಲ್ಲಿ ಹಗ್ಗಕ್ಕೆ ಸೆಣಬು ಬೆಳೆದಿದ್ದರು. ಕಿಲ್ನ್ ಕ್ರಾಫ್ಟ್‌ನಲ್ಲಿ ಬೆಂಕಿಯ ಗೂಡು ಹಾಕಿದ್ದರು. ಸ್ಟಬಿಂಗ್ಸ್ ಅಂದರೆ ಕಾಡು ಕಡಿದ ಮೇಲೆ ಬೊಡ್ಡೆ ಉಳಿದ ನೆಲ. ಡೌವ್‌ಹೌಸ್ ಕ್ಲೋಸ್‌ನಲ್ಲಿ ಒಡೆಯರ ಪಾರಿವಾಳದ ಗೂಡಿತ್ತು. ಬೆಲ್ ರೋಪ್ ಪೀಸ್ ನನಗೆ ಬಹಳ ಇಷ್ಟ. ಆ ಹೊಲದ ಗೇಣಿ ಹಣದಲ್ಲಿ ಚರ್ಚಿನ ಗಂಟೆಗೆ ಹಗ್ಗ ತರಬೇಕು ಅಂತ ಯಾರೋ ಬಿಟ್ಟುಕೊಟ್ಟಿದ್ದು. ದೀಪದ ಎಣ್ಣೆಗೆ ಅಂತ ಬಿಟ್ಟ ಲ್ಯಾಂಪ್ ಏಕರ್ ಕೂಡ ಇದೆ. ನಮ್ಮಲ್ಲಿ ದೇವರ ಮಾನ್ಯದ ಹೊಲ ಇರುವುದಿಲ್ಲವೇ, ಅದೇ.

ಬ್ಲ್ಯಾಕ್‌ಲ್ಯಾಂಡ್ಸ್ ಅಥವಾ ಚೆಸ್ಟರ್ಸ್ ಅಂತ ಹೆಸರು ಕಂಡರೆ ನಿಧಾನಿಸಿ. ಕಪ್ಪು ಮಣ್ಣು ಅಂದರೆ ಅಲ್ಲಿ ಹಿಂದೆ ಜನ ಬಾಳಿ, ಒಲೆ ಉರಿಸಿ, ಬೂದಿ ಚೆಲ್ಲಿದ್ದಿರಬಹುದು. ಚೆಸ್ಟರ್ ಅಂದರೆ ರೋಮನ್ನರ ಕೋಟೆ ಕಟ್ಟಡದ ಗುರುತು. ಪುರಾತತ್ತ್ವದವರು ಅಗೆಯುವ ಮೊದಲು ಇಂಥ ಹೆಸರನ್ನು ಹುಡುಕುತ್ತಾರೆ. ನಮ್ಮ ಹಾಳೂರು ದಿಣ್ಣೆ ನೆನಪಾಗುತ್ತದೆ.

ಇನ್ನು ಬೈಗುಳದ ಹೆಸರುಗಳು. ಹಂಗರ್ ಹಿಲ್, ಸ್ಟಾರ್ವ್‌ಆಲ್, ಪಿಂಚ್‌ಗಟ್, ಲೇಬರ್ ಇನ್ ವೇನ್. ಹಸಿವಿನ ಗುಡ್ಡ, ಎಲ್ಲರನ್ನೂ ಉಪವಾಸ ಕೆಡವುವುದು, ಹೊಟ್ಟೆ ಹಿಂಡುವುದು, ದುಡಿದದ್ದೆಲ್ಲ ದಂಡ. ಇವನ್ನು ಓದಿ ನಗಬಹುದು. ಆದರೆ ಬಿತ್ತಿದ್ದು ಹುಟ್ಟದೆ ಹೋದ ಮನೆಯಲ್ಲಿ ಬೆಳೆದ ನನಗೆ ನಗು ಬರುವುದಿಲ್ಲ. ಒಳ್ಳೆಯ ನೆಲಕ್ಕೆ ಪ್ಯಾರಡೈಸ್, ಫಿಲ್‌ಪಾಕೆಟ್ಸ್ ಅಂತಲೂ ಇಟ್ಟಿದ್ದಾರೆ. ಊರಿಗೆ ಬಹಳ ದೂರದ ಹೊಲಕ್ಕೆ ಬಾಟನಿ ಬೇ ಅಂತ ಹೆಸರು. ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಸಾಗಿಸುತ್ತಿದ್ದ ಕಾಲದ್ದು. ಆಳಿಗೆ ಆ ಹೊಲಕ್ಕೆ ಹೋಗು ಅಂದರೆ ಕರಿನೀರಿನ ಶಿಕ್ಷೆ ಕೊಟ್ಟ ಹಾಗೆ. ಕ್ಯಾಪ್ಟನ್ ಕುಕ್ ಅಲ್ಲಿ ಕಾಲಿಟ್ಟದ್ದೇ 1770ರಲ್ಲಿ, ಹಾಗಾಗಿ ಹೆಸರು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೀಗೆ ಹೆಸರಿನಿಂದಲೇ ಕಾಲ ಕಟ್ಟಬಹುದು. ಹಂಡ್ರೆಡ್ ಏಕರ್ಸ್ ಅಂತ ಇದ್ದರೆ ವಿಸ್ತೀರ್ಣದ ಅಂಕಣ ನೋಡಿ. ಹೆಚ್ಚಾಗಿ ಅದು ಅಂಗೈಯಗಲ ತುಂಡು. ಊರಿನವರು ಪ್ರೀತಿಯಿಂದ ಕಿಚಾಯಿಸಿದ್ದು.

ಗೋಡೆ ಹುಡುಕಿದ್ದು

ಈಗ ನಾನು ಮಾಡಿದ ತಪ್ಪು ಹೇಳಬೇಕು. ಈ ಕೆಲಸದ ತಿರುಳು ಅಲ್ಲೇ ಇರುವುದು.

ಅಪ್ಪ ಕೇಳಿದ ಆ ಹೊಲದ ಹೆಸರು ಪಟ್ಟಿಯಲ್ಲಿ ವಾಲ್ ಫೀಲ್ಡ್ ಅಂತ ಸಿಕ್ಕಿತು. ವಾಲ್ ಅಂದರೆ ಗೋಡೆ. ಅಂದರೆ ಹಳೆಯ ಗೋಡೆ ಇದ್ದಿರಬೇಕು. ರೋಮನ್ನರದ್ದೇ ಇರಬಹುದು ಅಂತ ಕನಸು ಕಂಡೆ. ಒಂದು ಚಳಿಗಾಲ ಪೂರ್ತಿ ಬೇಲಿ ಬುಡದಲ್ಲಿ ಕಲ್ಲು ಹುಡುಕಿದೆ. ಒಂದು ಕಲ್ಲೂ ಸಿಗಲಿಲ್ಲ. ಚೆಷೈರ್‌ನ ಈ ಭಾಗ ಪೂರ್ತಿ ಜೇಡಿಮಣ್ಣು, ಗೋಡೆ ಕಟ್ಟುವ ಕಲ್ಲು ಎಲ್ಲಿಂದ ಬರಬೇಕು ಅಂತಲೂ ಯೋಚಿಸಲಿಲ್ಲ.

ಎರಡನೇ ಸಲ ಅಪ್ಪ ಬಂದಾಗ ಅಲ್ಲಿಗೇ ಕರೆದುಕೊಂಡು ಹೋದೆ. ಕಾಲುದಾರಿ ಹೊಲದ ಕೆಳಗಿನ ಮೂಲೆಯ ಪಕ್ಕದಲ್ಲೇ ಹೋಗುತ್ತದೆ. ಹೆಸರಿನ ಅರ್ಥ ಹೇಳಿದೆ. ಅಪ್ಪ ಸುತ್ತ ನೋಡಿದರು. ಆ ಮೂಲೆಯಲ್ಲಿ ಮಾತ್ರ ಹುಲ್ಲು ಬೇರೆ. ಕಡು ಹಸಿರು, ಗುಂಪು ಗುಂಪಾಗಿ, ಮೊಣಕಾಲೆತ್ತರ, ದಬ್ಬಣದ ಹಾಗೆ ನೆಟ್ಟಗೆ ನಿಂತ ಜೊಂಡು. ಸುತ್ತ ಹಸುವಿನ ಗೊರಸು ಹೂತ ಗುಳಿಗಳಲ್ಲಿ ನೀರು ನಿಂತಿತ್ತು. ಎರಡು ವಾರದಿಂದ ಮಳೆ ಇಲ್ಲ. ಅಪ್ಪ ಬೂಟಿನ ತುದಿಯಿಂದ ಒಂದು ಗುಳಿಯ ಅಂಚನ್ನು ಒತ್ತಿದರು. ನೀರು ಒಳಗಿನಿಂದ ಮೆಲ್ಲಗೆ ಜಿನುಗಿ ಬಂತು, ತಿಳಿಯಾಗಿತ್ತು. "ಗೋಡೆ ಗೀಡೆ ಬಿಡಮ್ಮ. ಇಲ್ಲಿ ಊಟೆ ಇದೆ. ಇಂಥ ಜಾಗಕ್ಕೆ ನೀರಿನ ಹೆಸರು ಇಡದೆ ಇರ್ತಾರಾ?"

ಮನೆಗೆ ಬಂದು ಇಂಗ್ಲಿಷ್ ಪ್ಲೇಸ್‌ನೇಮ್ ಸೊಸೈಟಿಯ ಚೆಷೈರ್ ಸಂಪುಟ ಹುಡುಕಿದೆ. 1923ರಲ್ಲಿ ಶುರುವಾದ ಸಂಸ್ಥೆ ಅದು, ಕೌಂಟಿಗೆ ಇಷ್ಟಿಷ್ಟು ಅಂತ ಸಂಪುಟ ತರುತ್ತ ಬಂದಿದೆ. ಊರೂರಿನ ಹೊಲದ ಹೆಸರೂ ಅದರಲ್ಲಿ ಸಿಗುತ್ತದೆ. ದೊಡ್ಡ ಲೈಬ್ರರಿಗಳಲ್ಲಿ ಇಟ್ಟಿರುತ್ತಾರೆ. ಉತ್ತರ ಅಲ್ಲಿತ್ತು. ಹಳೆಯ ಇಂಗ್ಲಿಷ್‌ನಲ್ಲಿ ಊಟೆಗೆ ವೆಲ್ಲ ಅನ್ನುತ್ತಿದ್ದರು. ಈ ಸೀಮೆಯ ಮರ್ಸಿಯನ್ ಆಡುಮಾತಿನಲ್ಲಿ ಅದು ವ್ಯಾಲ್ಲ. ಅದೇ ಸವೆದು ವಾಲ್ ಆಯಿತು. ವಿರಲ್‌ನಲ್ಲಿರುವ ಹೆಸ್‌ವಾಲ್ ಊರಿಗೂ ಗೋಡೆಗೂ ಸಂಬಂಧವಿಲ್ಲ, ಹೇಜಲ್ ಗಿಡಗಳ ಊಟೆ ಅಂತ ಅರ್ಥ. ಇಂಗ್ಲಿಷ್ ಬಾರದ ಅಪ್ಪ ಐದು ನಿಮಿಷದಲ್ಲಿ ಕಂಡದ್ದನ್ನು ನಾನು ಒಂದು ಚಳಿಗಾಲ ಕಳೆದರೂ ಕಾಣಲಿಲ್ಲ.

ಆದ್ದರಿಂದ ಪದ ಕೇಳಿದ ತಕ್ಷಣ ಅರ್ಥ ಹೇಳಬೇಡಿ. ಗೋರ್ ಅಂದರೆ ರಕ್ತ ಅಲ್ಲ, ಈಟಿಯ ಮೊನೆಯ ಹಾಗೆ ಮುಮ್ಮೂಲೆಯಾದ ತುಂಡು. ಬಟ್ಸ್ ಅಂದರೆ ಬಿಲ್ಲುಗಾರರ ಗುರಿ ಇರಬಹುದು, ಹೆಚ್ಚಾಗಿ ಮೊಟಕಾದ ಉಳುಮೆ ಪಟ್ಟಿ. ಟೌನ್ ಫೀಲ್ಡ್‌ನಲ್ಲಿ ಪಟ್ಟಣ ಇಲ್ಲ, ಊರಿನವರೆಲ್ಲ ಸೇರಿ ಮಾಡುತ್ತಿದ್ದ ಬಯಲು ಹೊಲ. ಕ್ಯಾಟ್ಸ್‌ಬ್ರೇನ್ ಬೆಕ್ಕಿನ ಮೆದುಳಲ್ಲ, ಕಲ್ಲು ಬೆರೆತ ಒರಟು ಜೇಡಿಮಣ್ಣು. ಕನಿಗ್ರೀ ಅಂದರೆ ಒಡೆಯರು ಮಾಂಸಕ್ಕೆ, ಚರ್ಮಕ್ಕೆ ಮೊಲ ಸಾಕುತ್ತಿದ್ದ ಜಾಗ. ಸೇಂಟ್ ಫಾಯ್ನ್ ಯಾವ ಸಂತನೂ ಅಲ್ಲ, ಸೇನ್‌ಫಾಯ್ನ್ ಎಂಬ ಮೇವಿನ ಬೆಳೆ. ಆದಷ್ಟು ಹಳೆಯ ಬರಹ ಹುಡುಕಿ, ಹಳೆಯ ಅಕ್ಷರ ನೋಡಿ, ಆಮೇಲೆ ಹೊಲಕ್ಕೆ ಹೋಗಿ ನಿಲ್ಲಿ. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನೋಟ್‌ಬುಕ್ಕಿನಲ್ಲಿ ಪೆನ್ನಿಂದ ಬರೆಯಿರಿ. ಅಲ್ಲಿಯವರೆಗೆ ಪೆನ್ಸಿಲ್.

ಹೊಲಕ್ಕೆ ಹೋಗುವಾಗ

ಕಾಲುದಾರಿ ಬಿಟ್ಟು ಹೋಗಬೇಡಿ. ಒಳಗೆ ಹೋಗಲೇಬೇಕಾದರೆ ರೈತರನ್ನು ಕೇಳಿ. ಗೇಟು ಹೇಗಿತ್ತೋ ಹಾಗೇ ಬಿಡಿ. ಕುರಿ ಮರಿ ಹಾಕುವ ಕಾಲದಲ್ಲಿ ನಾಯಿ ಕರೆದುಕೊಂಡು ಹೋಗಲೇಬೇಡಿ.

ಹೋಗುವ ಹೊತ್ತೂ ಮುಖ್ಯ. ಲೂಂಟ್ಸ್ ಅಂತ ಒಂದು ಹೊಲ ನಮ್ಮಲ್ಲಿದೆ. ಲ್ಯಾಂಡ್ ಎಂಬ ಪದದ ಚೆಷೈರ್ ಉಚ್ಚಾರ, ಹಳೆಯ ಉಳುಮೆ ಪಟ್ಟಿ ಅಂತ ಅರ್ಥ. ಮಧ್ಯಾಹ್ನ ನೋಡಿದರೆ ಅದು ಸುಮ್ನೆ ಹುಲ್ಲು. ಜನವರಿಯ ಒಂದು ಬೆಳಿಗ್ಗೆ, ಸೂರ್ಯ ಇನ್ನೂ ಬೇಲಿ ಮಟ್ಟದಲ್ಲಿರುವಾಗ ನೋಡಿದೆ. ಏರು ತಗ್ಗು, ಏರು ತಗ್ಗು, ಹೊಲದ ಉದ್ದಕ್ಕೂ. ಏರಿನ ಮೇಲೆ ಮಂಜಿನ ಬಿಳುಪು ಕರಗಿತ್ತು, ತಗ್ಗಿನಲ್ಲಿ ಉಳಿದಿತ್ತು. ಆ ಗೆರೆಗಳು ನೆಟ್ಟಗಿರಲಿಲ್ಲ. ಎರಡೂ ತುದಿಯಲ್ಲಿ ಮೆಲ್ಲಗೆ ಬಾಗಿದ್ದವು. ಎತ್ತಿನ ಉದ್ದ ಸಾಲನ್ನು ತಿರುಗಿಸಲು ಜಾಗ ಬೇಕು, ಅದಕ್ಕೆ ತುದಿ ಬರುವ ಮೊದಲೇ ಉಳುವವನು ಒಂದು ಕಡೆಗೆ ಎಳೆಯುತ್ತಿದ್ದ. ನೂರಾರು ವರ್ಷ ಹಾಗೆ ತಿರುಗಿ ತಿರುಗಿ ನೆಲವೇ ಬಾಗಿದೆ.

ಮಾರ್ಲ್ ಫೀಲ್ಡ್ ಅಂತ ಹೆಸರಿದ್ದರೆ ಕೊಳ ಹುಡುಕಿ. ಮಾರ್ಲ್ ಅಂದರೆ ಸುಣ್ಣದಂಶ ಇರುವ ಜೇಡಿ. ನೆಲದಡಿಯಿಂದ ಅದನ್ನು ಅಗೆದು ಹೊಲಕ್ಕೆಲ್ಲ ಹರಡುತ್ತಿದ್ದರು, ನಾವು ಕೆರೆಗೋಡು ಹೊಡೆಯುತ್ತೇವಲ್ಲ ಹಾಗೆ. ಅಗೆದ ಗುಂಡಿಯಲ್ಲಿ ನೀರು ತುಂಬಿತು. ಚೆಷೈರ್‌ನ ಹೊಲಗಳ ನಡುವೆ ಕಾಣುವ ಕೊಳಗಳಲ್ಲಿ ಬಹುಪಾಲು ಇವೇ. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಕಡಿದು ಇರುತ್ತದೆ. ಇಳಿಜಾರು ಗಾಡಿ ಇಳಿದ ದಾರಿ.

ಕೊನೆಗೆ ಜನರನ್ನು ಕೇಳುವುದು

ಕಾಗದದಲ್ಲಿ ಇಲ್ಲದ್ದು ಬಾಯಲ್ಲಿರುತ್ತದೆ. ಆದರೆ "ಈ ಹೊಲದ ಐತಿಹಾಸಿಕ ಹೆಸರೇನು" ಅಂತ ಕೇಳಿದರೆ ರೈತರು ಗೊತ್ತಿಲ್ಲ ಅಂತಾರೆ. "ಇದನ್ನು ನೀವು ಏನಂತ ಕರೀತೀರಿ? ಹಸು ಇವತ್ತು ಎಲ್ಲಿವೆ?" ಅಂತ ಕೇಳಿ. ಆಗ ಹೆಸರು ತಾನಾಗಿ ಬರುತ್ತದೆ. ನಮ್ಮ ಪಕ್ಕದ ಡೇರಿಯ ಎಂಬತ್ತು ದಾಟಿದ ಅಜ್ಜ ನನಗೆ ಔಟ್‌ಲೆಟ್ ತೋರಿಸಿದ್ದು ಹಾಗೇ. ಕೊಟ್ಟಿಗೆಯಿಂದ ಹಸುಗಳನ್ನು ಬಿಡುವ ಮೊದಲ ಹುಲ್ಲುಗಾವಲು ಅದು. ಕೊಟ್ಟಿಗೆಗೆ ಅವರು ಶಿಪ್ಪನ್ ಅಂತಾರೆ. ಮೊಮ್ಮಗನ ಫೋನಿನಲ್ಲಿ ಗೊಬ್ಬರದ ಲೆಕ್ಕದ ಆ್ಯಪ್ ಇದೆ. ಅದರಲ್ಲೂ ಹೊಲ ಔಟ್‌ಲೆಟ್ ಅಂತಲೇ ಇದೆ, ಅರ್ಥ ಮಾತ್ರ ಅವನಿಗೆ ಅಜ್ಜ ಅವತ್ತು ನನ್ನೆದುರಿಗೇ ಹೇಳಿದರು.

ಹೊಸ ಹೆಸರನ್ನೂ ಬರೆದುಕೊಳ್ಳಿ. ಪೈಲಾನ್ ಫೀಲ್ಡ್, ಬಂಗಲೋ ಫೀಲ್ಡ್. ವಿದ್ಯುತ್ ಕಂಬ ಬಂದ ಮೇಲೆ ಇಟ್ಟ ಹೆಸರೂ ಹೆಸರೇ. ಕಿಲ್ನ್ ಕ್ರಾಫ್ಟ್ ಕೂಡ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ.

ನಾನು ಒಂದೊಂದು ಹೊಲಕ್ಕೆ ಒಂದು ಪುಟ ಇಟ್ಟಿದ್ದೇನೆ. ಟೈದ್ ನಂಬರ್, ಅಲ್ಲಿನ ಹೆಸರು, ಅದಕ್ಕಿಂತ ಹಳೆಯ ಬರಹ ಸಿಕ್ಕಿದ್ದರೆ ಅದು, ಈಗ ಕರೆಯುವ ಹೆಸರು, ಹೇಳಿದವರ ವಯಸ್ಸು, ಕೇಳಿದ ತಾರೀಕು, ಮಣ್ಣು, ನೀರು, ಎಕರೆ ಗುಂಟೆ. ಒಂದು ಪ್ರತಿ ಮಾಡಿಸಿ ಊರಿನ ಚರಿತ್ರೆ ಕೂಟಕ್ಕೆ ಕೊಟ್ಟೆ, ಇನ್ನೊಂದನ್ನು ರೆಕಾರ್ಡ್ ಆಫೀಸಿಗೆ. ನೀವೂ ಎರಡು ಕಡೆ ಕೊಡಿ, ಒಂದು ಕಳೆದರೆ ಇನ್ನೊಂದು ಇರುತ್ತದೆ. ವಾಲ್ ಫೀಲ್ಡ್ ಪುಟದಲ್ಲಿ, ಅರ್ಥ ಹೇಳಿದವರು ಅನ್ನುವ ಕಡೆ ಅಪ್ಪನ ಹೆಸರು ಬರೆದಿದ್ದೇನೆ. ಪೆನ್ನಿಂದ.